ಭಯಭಕ್ತಿಯೆಂಬ ಮಾತನ್ನು ಕುರಿತು



ಕಳೆದ ತಿಂಗಳು ತಿರುಮಕೂಡಲು ನರಸೀಪುರದಿಂದ ನಮಗೊಂದು ಕಾಗದ ಬಂದಿತು. ಬರೆದವರು ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಉಪಾಧ್ಯಾಯರಾಗಿ, ಈಗ ನಿವೃತ್ತರಾಗಿರುವ ಹಿರಿಯರು. ಅವರ ಮೊಮ್ಮಗಳು ಮೈಸೂರಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಶಾಲೆಯೊಂದರಲ್ಲಿ ಓದುತ್ತಾ ಅಲ್ಲಿಯೇ ವಸತಿಯಲ್ಲಿದ್ದಾಳೆ. ರಜೆಗೆ ಊರಿಗೆ ಬಂದವಳು ಎಲೆಯ ಮುಂದೆ ಕುಳಿತು, ಅನ್ನಕ್ಕೆ ಕೈಯಿಡುವ ಮೊದಲು ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಾದಳಂತೆ. ಅಜ್ಜನಿಗೆ ಸಿಟ್ಟು ಬಂದಿತು. “ಅದು ಭಯದ ಧರ್ಮ, ನಮ್ಮದು ಭಕ್ತಿಯ ಧರ್ಮ. ಅವರ ರೂಢಿ ಈ ಮನೆಯಲ್ಲಿ ಬೇಡ” ಎಂದು ಗದರಿದರಂತೆ. ಹುಡುಗಿ ಎದುರಾಡಲಿಲ್ಲ. ಊಟ ಮುಗಿದ ಮೇಲೆ ಮೆಲ್ಲಗೆ, “ತಾತ, ನೀವು ಲಿಂಗಕ್ಕೆ ಅರ್ಪಿಸಿ ಉಣ್ಣುವುದನ್ನು ನಾನು ಒಂದು ದಿನವೂ ನೋಡಲಿಲ್ಲವಲ್ಲ” ಎಂದಳಂತೆ. ಈ ಮಾತನ್ನು ಮರೆಮಾಚದೆ ಬರೆದ ಆ ಹಿರಿಯರ ಪ್ರಾಮಾಣಿಕತೆಯನ್ನು ನಾವು ಮೆಚ್ಚಿದೆವು. ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: “ಬುದ್ಧಿಯವರೆ, ಕ್ರೈಸ್ತರದು ಭಯದ ಧರ್ಮವೆಂದು ನಾನು ಹೇಳಿದ್ದು ಸರಿಯೋ ತಪ್ಪೋ?”

ಎರಡು ಸಾಲು ಬರೆದು ಕಳುಹಿಸಬಹುದಾಗಿತ್ತು. ಆದರೆ ಇದೇ ಮಾತನ್ನು ನಮ್ಮ ಭಕ್ತರ ಬಾಯಿಂದ ಎಷ್ಟೋ ಸಲ ಕೇಳಿದ್ದೇವೆ. ನಾವೂ ಒಂದು ಕಾಲಕ್ಕೆ ಆಡಿದ್ದುಂಟು. ಆದುದರಿಂದ ಈ ಸಲ ಪತ್ರಿಕೆಯಲ್ಲಿಯೇ ಈ ವಿಷಯವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಕನ್ನಡ ಸತ್ಯವೇದವನ್ನು ತೆರೆದವರಿಗೆ ದೇವರ ವಿಚಾರದಲ್ಲಿ ಭಯವೆಂಬ ಮಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಕೆಲವೆಡೆ ಬರಿಯ ಭಯ, ಕೆಲವೆಡೆ ಭಯಭಕ್ತಿ. ಇದನ್ನು ಓದಿ, ಆ ದೇವರು ದೊಣ್ಣೆ ಹಿಡಿದು ನಿಂತ ಅಮಲ್ದಾರನಂತೆ ಇರಬೇಕೆಂದು ಭಾವಿಸುವವರುಂಟು. ಆದರೆ ಹೀಬ್ರೂ ಮೂಲದಲ್ಲಿರುವ ಶಬ್ದಕ್ಕೆ ಹೆದರಿಕೆ, ಗೌರವ, ಬೆರಗು ಮೂರೂ ಅರ್ಥಗಳಿವೆ. ಜರ್ಮನಿಯ ರುಡಾಲ್ಫ್ ಆಟೋ ಅವರು 1917ರಲ್ಲಿ ಪವಿತ್ರವೆಂಬ ಭಾವನೆಯನ್ನು ಕುರಿತು ಬರೆದ ಗ್ರಂಥವು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಪರಿಚಿತವೇ. ನಡುಕ ಹುಟ್ಟಿಸುವುದೂ ಸೆಳೆಯುವುದೂ ಒಂದೇ ಎಂಬುದು ಅವರ ಸಿದ್ಧಾಂತ. ಅಷ್ಟು ದೂರ ಹೋಗುವ ಅವಶ್ಯಕತೆಯೂ ಇಲ್ಲ. ನಮ್ಮ ಹಳ್ಳಿಯ ಕನ್ನಡದಲ್ಲಿ ‘ಹಿರಿಯರಲ್ಲಿ ಭಯಭಕ್ತಿ ಇರಬೇಕು’ ಎಂದರೆ ಹಿರಿಯರು ಹೊಡೆಯುತ್ತಾರೆಂದು ಅರ್ಥವಲ್ಲ. ಕಪಿಲೆಯ ಮೆಟ್ಟಿಲನ್ನು ತುಂಬಿದ ಕೊಡ ಹೊತ್ತು ಏರುವ ಹೆಣ್ಣುಮಗಳನ್ನು ನೀವು ನೋಡಿದ್ದೀರಿ. ಅವಳು ಕೊಡಕ್ಕೆ ಹೆದರುತ್ತಾಳೆಯೆ? ಇಲ್ಲ. ನೀರು ತುಳುಕೀತೆಂಬ ಎಚ್ಚರ ಅವಳ ಪಾದದಲ್ಲಿ, ಕತ್ತಿನಲ್ಲಿ, ಕಣ್ಣಿನಲ್ಲಿ ಇದೆ. ಸತ್ಯವೇದದ ಭಯವು ಬಹುಮಟ್ಟಿಗೆ ಈ ಜಾತಿಯದು.

ಈ ಎಚ್ಚರಕ್ಕೆ ನಮ್ಮ ಆಚಾರ್ಯರು ಬೇರೆಯದೇ ಹೆಸರಿಟ್ಟಿದ್ದಾರೆ. ಷಟ್‌ಸ್ಥಲದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ. ಮೂರನೆಯವನಾದ ಪ್ರಸಾದಿಯದು ಅವಧಾನಭಕ್ತಿ. ಪ್ರಸಾದಿಯಾದವನು ಕಣ್ಣಿಗೆ ಬಿದ್ದ ರೂಪವನ್ನು, ನಾಲಗೆಗೆ ಬಂದ ರುಚಿಯನ್ನು, ಕೈಗೆ ಬಂದ ದುಡ್ಡನ್ನು ಲಿಂಗಕ್ಕೆ ಅರ್ಪಿಸದೆ ತನ್ನದೆಂದು ಮುಟ್ಟುವುದಿಲ್ಲ. ಹಾಗೆ ಮುಟ್ಟೀತೆಂಬ ಎಚ್ಚರವೇ ಅವನ ಭಕ್ತಿ. ಕ್ರೈಸ್ತರ ಭಯಭಕ್ತಿಗೆ ನಮ್ಮಲ್ಲಿ ಸಮಾನವಾದ ಶಬ್ದವನ್ನು ಹುಡುಕುವವರು ಭಯವನ್ನು ಬಿಟ್ಟು ಅವಧಾನವನ್ನು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ. ಪೇತ್ರನ ಮೊದಲನೆಯ ಪತ್ರಿಕೆಯನ್ನು ಗಮನಿಸಿರಿ. ಚದುರಿಹೋಗಿ ಪರದೇಶಗಳಲ್ಲಿ ಬಾಳುತ್ತಿದ್ದ ಭಕ್ತರಿಗೆ ಬರೆದುದು ಅದು. ದೇವರು ಪರಿಶುದ್ಧನಾದುದರಿಂದ ನೀವೂ ನಡತೆಯಲ್ಲೆಲ್ಲ ಪರಿಶುದ್ಧರಾಗಿರಬೇಕೆಂದು ಹೇಳಿ, ಆ ದೇವರನ್ನು ನೀವು ತಂದೆಯೆಂದು ಕರೆಯುವವರಾದ ಕಾರಣ ಭಯದಿಂದ ನಡೆಯಿರೆಂದು ಲೇಖಕನು ಬೋಧಿಸುತ್ತಾನೆ. ತಂದೆಯೆಂಬ ಸಲುಗೆ ಮೊದಲು, ಭಯ ಅನಂತರ. ಯೋಹಾನನ ಪತ್ರಿಕೆಯಂತೂ ಪೂರ್ಣವಾದ ಪ್ರೀತಿಯು ಭಯವನ್ನು ಹೊರದೂಡುತ್ತದೆಂದೇ ಸಾರುತ್ತದೆ. ಒಂದೇ ಗ್ರಂಥದಲ್ಲಿ ಈ ಎರಡು ಮಾತುಗಳಿರುವುದನ್ನು ಕಂಡಮೇಲೂ ‘ಭಯದ ಧರ್ಮ’ವೆಂದು ಚೀಟಿ ಅಂಟಿಸುವುದು ಓದಿದವರ ಲಕ್ಷಣವಲ್ಲ.

ಇನ್ನು ಪರಿಶುದ್ಧತೆಯ ಮಾತು. ಇಲ್ಲಿಯೇ ನಮ್ಮ ಸೀಮೆಯ ಓದುಗನು ಎಡವುವ ಸಂಭವ ಹೆಚ್ಚು. ನಂಜನಗೂಡಿನಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ ದಿನವೂ ಬೆಳಿಗ್ಗೆ ನೋಡುತ್ತಿದ್ದ ದೃಶ್ಯ ಈಗಲೂ ಕಣ್ಣಮುಂದಿದೆ. ಮುಡಿ ಕೊಟ್ಟು, ಕಪಿಲೆಯಲ್ಲಿ ಮುಳುಗಿ, ಒದ್ದೆಬಟ್ಟೆಯಲ್ಲಿಯೇ ಶ್ರೀಕಂಠೇಶ್ವರನ ಗುಡಿಯ ಸುತ್ತ ಉರುಳುಸೇವೆ ಮಾಡುವ ಜನ. ಅವರ ನಡುವೆ ಯಾರಿಗೂ ತಾಗದಂತೆ ಮೈಯನ್ನು ಹಿಡಿಯಾಗಿಸಿಕೊಂಡು ಮಡಿಯಲ್ಲಿ ಸಾಗುವ ಒಬ್ಬಿಬ್ಬರು. ರೋಗ ವಾಸಿಯಾಗಲೆಂದು ಉರುಳುವ ಬಡವನ ಮೈಗೆ ಹತ್ತಿದ ಮಣ್ಣು, ಮಡಿಯುಟ್ಟವನ ಕಣ್ಣಿಗೆ ಕೊಳೆ. ನಮಗೆ ‘ಪರಿಶುದ್ಧ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮನಸ್ಸಿಗೆ ಬರುವುದು ಈ ಎರಡನೆಯವನ ಚಿತ್ರ.

ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿಯೂ ಇಂಥ ಮಡಿ ಮೈಲಿಗೆಗಳಿವೆ. ಯಾಜಕಕಾಂಡವೆಂಬ ಭಾಗದಲ್ಲಿ ತಿನ್ನಬಾರದ ಪ್ರಾಣಿಗಳು, ಮುಟ್ಟಬಾರದ ವಸ್ತುಗಳು, ಹೆರಿಗೆಯ ಮೈಲಿಗೆ ಎಲ್ಲವೂ ಉಂಟು. ಅಲ್ಲಿ ಪರಿಶುದ್ಧವೆಂಬುದಕ್ಕೆ ಬೇರೆಯಾಗಿ ಇರಿಸಿದ್ದು, ಮೀಸಲು ಎಂಬ ಅರ್ಥ. ಆದರೆ ಆ ಕಾಂಡದಲ್ಲಿಯೇ, ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವನಿಗೂ ಪರದೇಶಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ಇಟ್ಟುಕೊಳ್ಳಬಾರದು ಎಂಬ ವಿಧಿಗಳು ಪರಿಶುದ್ಧತೆಯ ಹೆಸರಿನಲ್ಲಿಯೇ ಬಂದಿವೆ. ಯೇಸು ಈ ಎರಡನೆಯ ಎಳೆಯನ್ನು ಹಿಡಿದನು. ಹೊರಗಿನಿಂದ ಬಾಯೊಳಕ್ಕೆ ಹೋಗುವುದು ಮನುಷ್ಯನನ್ನು ಹೊಲೆ ಮಾಡದು, ಒಳಗಿನಿಂದ ಹೊರಬರುವುದೇ ಮಾಡುವುದೆಂದು ಬೋಧಿಸಿದನು. ಅಪೊಸ್ತಲರ ಕೃತ್ಯಗಳಲ್ಲಿ ಕೊರ್ನೇಲ್ಯನೆಂಬ ರೋಮಿನ ಶತಾಧಿಪತಿಯ ಪ್ರಸಂಗವಿದೆ. ಅವನು ಯೆಹೂದ್ಯನಲ್ಲ, ಆಳುವ ಪರಕೀಯರ ಸೈನಿಕ. ದೇವರಲ್ಲಿ ಭಯಭಕ್ತಿಯುಳ್ಳವನೆಂಬ ಬಿರುದು ಸಂದದ್ದು ಅವನಿಗೆ! ಅವನ ಮನೆಯ ಹೊಸ್ತಿಲು ದಾಟಲು ಹಿಂಜರಿದ ಪೇತ್ರನು, ಯಾವ ಮನುಷ್ಯನನ್ನೂ ಮೈಲಿಗೆಯವನೆನ್ನಬಾರದೆಂದು ಕಲಿತ ಮೇಲೆ ಒಳಗೆ ಹೋಗುತ್ತಾನೆ. ಸೂತಕಗಳನ್ನು ಕಿತ್ತೊಗೆದ ಕಲ್ಯಾಣದ ಶರಣರ ವಂಶದವರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ನಮ್ಮ ಸೀಮೆಯಲ್ಲಿಯೇ ಬಾಳಿದ ಒಬ್ಬ ಪಾದ್ರಿಯ ಮಾತು ಎತ್ತಬೇಕು. ಫ್ರಾನ್ಸ್ ದೇಶದ ಅಬ್ಬೆ ಡುಬಾಯ್ ಅವರು 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದರು. ಶ್ರೀರಂಗಪಟ್ಟಣದ ಸುತ್ತಮುತ್ತ ಬಹುಕಾಲ ನೆಲೆಸಿ, ನಮ್ಮವರ ಉಡುಪು ಧರಿಸಿ, ನಮ್ಮವರ ಆಹಾರವನ್ನುಂಡು, ಜನರಿಂದ ದೊಡ್ಡ ಸ್ವಾಮಿಯವರೆಂದು ಕರೆಸಿಕೊಂಡರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥ ಲೋಕಪ್ರಸಿದ್ಧ. 1823ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅಚ್ಚಾದವು. ಆ ಪುಸ್ತಕದಲ್ಲಿ, ಸತ್ಯವೇದವನ್ನು ದೇಶಭಾಷೆಗಳಿಗೆ ಅನುವಾದಿಸಿ ಹಂಚುತ್ತಿದ್ದವರನ್ನು ಅವರು ಕಟುವಾಗಿ ಟೀಕಿಸಿದ್ದಾರೆ. ಕನ್ನಡ ಅನುವಾದವೂ ಅವರ ಟೀಕೆಗೆ ಗುರಿಯಾಗಿದೆ. ಅವರ ವಾದ ಭಯಭಕ್ತಿಯದೇ: ಕೀಳು ಶೈಲಿಯಲ್ಲಿ ಬಂದ ದೇವರ ಮಾತನ್ನು ಯಾರೂ ಗೌರವಿಸರು. ದುಂದುಗಾರ ಮಗ ಮನೆಗೆ ಮರಳಿದಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂದು ಓದುವ ಹಿಂದುವು ಅಲ್ಲಿಗೇ ಪುಸ್ತಕವನ್ನು ಮುಚ್ಚುತ್ತಾನೆ. ಬಡಗಿಯ ಮಗನೊಬ್ಬ ದೇವಪುತ್ರ, ಬೆಸ್ತರು ಅವನ ಶಿಷ್ಯರು ಎಂದರೆ ಅವನಿಗೆ ತಾತ್ಸಾರ ಹುಟ್ಟುತ್ತದೆ.

ಕರುವಿನ ಮಾತು ನಿಜ. ನಮಗೂ ಆ ಭಾಗ ಓದುವಾಗ ಮನಸ್ಸು ಹಿಂಡುತ್ತದೆ. ಅದನ್ನು ಮುಚ್ಚಿಟ್ಟು ಸಾಮರಸ್ಯ ಬೋಧಿಸುವುದು ನಮ್ಮಿಂದಾಗದು. ಆದರೆ ಬಡಗಿಯ ವಿಷಯದಲ್ಲಿ ದೊಡ್ಡ ಸ್ವಾಮಿಯವರು ಎಡವಿದರು. ‘ಹಿಂದು’ ಎಂದಾಗ ಅವರ ಕಣ್ಣಮುಂದೆ ಇದ್ದವನು ಅಗ್ರಹಾರದವನು. ಜಾತಿವ್ಯವಸ್ಥೆಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಸಾಧನೆಯೆಂದು ಹೊಗಳಿದವರು ಅವರು. ಲಿಂಗವಂತರನ್ನು ಕುರಿತೂ ಅವರು ಬರೆದಿದ್ದಾರೆ. ಆದರೂ ಆ ಲಿಂಗವಂತನು ಮಾದಾರ ಚೆನ್ನಯ್ಯನನ್ನು ಅಪ್ಪನೆಂದು ಕೊಂಡಾಡುವವನು, ಅಂಬಿಗರ ಚೌಡಯ್ಯನ ಬೈಗುಳವನ್ನೂ ವಚನವೆಂದು ಓಲೆಯಲ್ಲಿ ಕಾಪಾಡಿದವನು ಎಂಬುದು ಅವರಿಗೆ ಹೊಳೆಯಲಿಲ್ಲ. ಬಡಗಿಯ ಮಗನೆಂದರೆ ನಮಗೇಕೆ ತಾತ್ಸಾರ? ಸಂಗಮದಲ್ಲಿ ಹರಿಗೋಲು ನಡೆಸುವವನ ಬಾಯಿಂದ ಧರ್ಮದ ಮಾತು ಕೇಳಲು ನಾವು ಏಳೆಂಟು ಶತಮಾನಗಳ ಹಿಂದೆಯೇ ಅಭ್ಯಾಸ ಮಾಡಿಕೊಂಡವರು. ಆಡುಮಾತಿನಲ್ಲಿ ಬಂದ ಮಾತ್ರಕ್ಕೆ ದೇವರ ಮಾತಿನ ಗೌರವ ಕುಂದುವುದಾದರೆ ವಚನಗಳೇ ಹುಟ್ಟುತ್ತಿರಲಿಲ್ಲ. ಡುಬಾಯ್ ಅವರು ತೆರಳಿದ ಮೇಲೆ 1831ರ ಹೊತ್ತಿಗೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಇಡೀ ಸತ್ಯವೇದ ಕನ್ನಡದಲ್ಲಿ ಬಂದಿತು. ಕಿಟೆಲ್ ಅವರು 1862ರಲ್ಲಿ ಕ್ರಿಸ್ತಚರಿತೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ಯೆಂದು ಪ್ರಕಟಿಸಿದರು. ನಿಘಂಟಿನ ಕಿಟೆಲ್ಲರೇ ಇವರು.

ಪವಿತ್ರ ಜೀವನವೆಂಬುದನ್ನು ಕ್ರೈಸ್ತರು ದಿನನಿತ್ಯದ ಬಾಳಿಗೆ ಹೇಗೆ ಅನ್ವಯಿಸಿದರೆಂದು ತಿಳಿಯಬಯಸುವವರಿಗೆ ನಾವು ಸೂಚಿಸುವ ಪುಸ್ತಕ ಇಂಗ್ಲೆಂಡಿನ ವಿಲಿಯಂ ಲಾ ಎಂಬವರದು. ಭಕ್ತಿಯುಕ್ತವೂ ಪವಿತ್ರವೂ ಆದ ಜೀವನಕ್ಕೆ ಗಂಭೀರವಾದ ಕರೆ ಎಂಬ ಅರ್ಥದ ಉದ್ದನೆಯ ಹೆಸರು ಅದಕ್ಕೆ, 1729ರ ಗ್ರಂಥ. ಹೊಸ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಕೇಂಬ್ರಿಜ್‌ನ ಹುದ್ದೆಯನ್ನು ಕಳೆದುಕೊಂಡವರು ಲಾ. ಸಾಮ್ಯುಯೆಲ್ ಜಾನ್ಸನ್ ಎಂಬ ಮಹಾವಿದ್ವಾಂಸರು ವಿದ್ಯಾರ್ಥಿಯಾಗಿದ್ದಾಗ, ಇಂಥ ಪುಸ್ತಕಗಳು ಸಪ್ಪೆಯಾಗಿಯೇ ಇರುತ್ತವೆ, ನಗಲಿಕ್ಕಾದರೂ ಆದೀತೆಂದು ಇದನ್ನು ಕೈಗೆತ್ತಿಕೊಂಡು, ಲಾ ತಮಗಿಂತ ಬಲಶಾಲಿಯೆಂದು ಸೋಲೊಪ್ಪಿದರಂತೆ. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ನಮಗಾದ ಅನುಭವವೂ ಇದೇ ತೆರನಾದುದು. ಈ ಪುಸ್ತಕಕ್ಕೂ ನಮ್ಮ ಸೀಮೆಗೂ ಒಂದು ನಂಟಿದೆ. ಇದನ್ನು ಓದಿ ಮನಸ್ಸು ತಿರುಗಿದವರಲ್ಲಿ ಜಾನ್ ವೆಸ್ಲಿ ಒಬ್ಬರು. ಅವರ ಅನುಯಾಯಿಗಳೇ ಮೈಸೂರಿಗೆ ಬಂದು ಶಾಲೆ, ಮುದ್ರಣಾಲಯ, 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ನಡೆಸಿದ ವೆಸ್ಲಿಯನ್ ಮಿಷನ್ನಿನವರು.

ಲಾ ಅವರ ವಾದದ ತಿರುಳು ಇಷ್ಟು. ಭಕ್ತಿಯೆಂದರೆ ಪ್ರಾರ್ಥನೆಯಲ್ಲ, ದೇವರಿಗೆ ಒಪ್ಪಿಸಿದ ಬಾಳು. ದೇವಾಲಯದಲ್ಲಿ ಕೂಡಿ ಪೂಜಿಸಿರೆಂಬ ವಿಧಿಯನ್ನು ಸುವಾರ್ತೆಗಳಲ್ಲಿ ಹುಡುಕಿದರೂ ಸಿಗದು, ದಿನದಿನದ ನಡತೆಯ ವಿಧಿಯಾದರೋ ಪುಟಪುಟದಲ್ಲಿಯೂ ಇದೆ. ಹಾಗಿರುವಾಗ ವಾರಕ್ಕೊಮ್ಮೆ ದೇವಾಲಯಕ್ಕೆ ಹೋಗಿ, ಉಳಿದ ದಿನ ತಮ್ಮಿಚ್ಛೆಯಂತೆ ಗಳಿಸಿ ತಮ್ಮಿಚ್ಛೆಯಂತೆ ಕಳೆಯುವವರು ಯಾವ ಬಾಯಿಂದ ಭಕ್ತರೆನಿಸಿಕೊಳ್ಳುತ್ತಾರೆ? ಇದನ್ನು ತೋರಿಸಲು ಅವರು ಕೆಲವು ಕಲ್ಪಿತ ವ್ಯಕ್ತಿಗಳನ್ನು ಚಿತ್ರಿಸಿದ್ದಾರೆ. ಫ್ಲೇವಿಯಾ, ಮಿರಾಂಡಾ ಎಂಬ ಅಕ್ಕತಂಗಿಯರ ಚಿತ್ರ ಬಹಳ ಸೊಗಸು. ಇಬ್ಬರಿಗೂ ತಂದೆತಾಯಿಗಳಿಂದ ಬಂದ ವರಮಾನ ಒಂದೇ, ವರ್ಷಕ್ಕೆ 200 ಪೌಂಡು. ಫ್ಲೇವಿಯಾ ದೇವಾಲಯ ತಪ್ಪಿಸುವವಳಲ್ಲ, ಧರ್ಮಬೋಧೆ ಕೇಳಿ ತಲೆದೂಗುವವಳು. ಆದರೆ ಹಣವೆಲ್ಲ ಬಟ್ಟೆಬರೆಗೆ, ಹೊತ್ತೆಲ್ಲ ಅಲಂಕಾರಕ್ಕೆ ಮತ್ತು ಹರಟೆಗೆ. ಬಡವನಿಗೆ ಕಾಸು ಕೊಡುವ ಪ್ರಸಂಗ ಬಂದರೆ ಅವನು ನಿಜವಾಗಿ ಬಡವನೋ ಎಂಬ ಶಂಕೆ ಬೇರೆ. ಮಿರಾಂಡಾಳಿಗೆ ತನ್ನ ಹಣವೇ ತನ್ನದಲ್ಲ. ಅದನ್ನು ಹಲವರು ಬಡವರಿಗೆ ಹಂಚುವಾಗ ತಾನೂ ಆ ಬಡವರಲ್ಲಿ ಒಬ್ಬಳೆಂದು ಭಾವಿಸಿ ತನ್ನ ಪಾಲಿನದನ್ನು ಮಾತ್ರ ತೆಗೆದುಕೊಳ್ಳುತ್ತಾಳೆ.

ಓದುಗರೆ, ಇವಳು ಪ್ರಸಾದಿಯಲ್ಲವೆ? ಕೊಟ್ಟು ಉಳಿದುದನ್ನು ತಾನು ಕೊಳ್ಳುವ ಈ ಕ್ರಮಕ್ಕೆ ನಮ್ಮಲ್ಲಿ ದಾಸೋಹವೆಂದು ಹೆಸರು. ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಕುಂಡದ ಬಳಿ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಇದ್ದ ಮರುಳಶಂಕರದೇವರನ್ನು ನೆನೆದರೆ, ಮಿರಾಂಡಾ ಅವರ ಹತ್ತಿರದ ನಂಟಳೆನಿಸುತ್ತದೆ.

ಆದರೆ ಗ್ರಂಥದಲ್ಲಿ ದೋಷವಿಲ್ಲವೆನ್ನಲಾರೆವು. ಲಾ ಅವರಿಗೆ ನಗು ಒಗ್ಗದು. ಮಿರಾಂಡಾ ಒಮ್ಮೆಯಾದರೂ ಹಾಡುವುದಿಲ್ಲ, ಬೇಸರಪಡುವುದಿಲ್ಲ, ತಪ್ಪು ಮಾಡುವುದಿಲ್ಲ. ಹೆಣ್ಣೆನ್ನುವುದಕ್ಕಿಂತ ಲೆಕ್ಕದ ಪುಸ್ತಕವೆನಿಸುತ್ತಾಳೆ. ನಾಟಕವಾಡುವುದೇ ಧರ್ಮಬಾಹಿರವೆಂದು ಲಾ 1726ರಲ್ಲಿ ಒಂದು ಪುಸ್ತಿಕೆಯನ್ನು ಬೇರೆ ಬರೆದಿದ್ದರು. ಸುತ್ತೂರು ಜಾತ್ರೆಗೆ ಬಂದು ರಾತ್ರಿಯ ನಾಟಕ ಕಂಡಿದ್ದರೆ ಮಹಾಶಯರು ಏನೆನ್ನುತ್ತಿದ್ದರೋ! ಅವಧಾನವು ಅನುಭಾವದ ಕಡೆಗೆ, ಆನಂದದ ಕಡೆಗೆ ಹೊರಳದಿದ್ದರೆ ಹೀಗೆ ಒಣಗುತ್ತದೆ. ಲಾ ಅವರಿಗೂ ಇದು ಗೋಚರಿಸಿರಬೇಕು. ಮುಂದೆ ಅವರು ಜರ್ಮನಿಯ ಅನುಭಾವಿ ಯಾಕೋಬ್ ಬೋಮೆಯ ಬರಹಗಳಿಗೆ ಒಲಿದರು. ಅದನ್ನು ಸಹಿಸದ ವೆಸ್ಲಿಯವರು 1756ರಲ್ಲಿ ತಮ್ಮ ಹಳೆಯ ಗುರುವಿಗೆ ಬಹಿರಂಗ ಪತ್ರ ಬರೆದು ಖಂಡಿಸಿದರು. ಸೃಷ್ಟಿಸಿದವನಿಗೂ ಸೃಷ್ಟಿಗೂ ನಡುವಿನ ಗೆರೆಯನ್ನು ಅಳಿಸುವ ಮಾತು ಬಂದಾಗಲೆಲ್ಲ ಕ್ರೈಸ್ತಸಭೆ ಬೆದರಿದೆ. 1329ರಲ್ಲಿ ಪೋಪರು ಎಕ್‌ಹಾರ್ಟರ ಹಲವು ವಾಕ್ಯಗಳನ್ನು ಖಂಡಿಸಿದ್ದು ಇದೇ ಕಾರಣದಿಂದ. ನಮ್ಮ ಐಕ್ಯಸ್ಥಲದ ಸಮರಸಭಕ್ತಿಗೆ ಅವರಲ್ಲಿ ಎಡೆ ಸಿಗುವುದು ಕಷ್ಟ. ನರಸೀಪುರದ ಹೆಸರು ಬಂದಮೇಲೆ ಕಪಿಲೆ ಕಾವೇರಿಗಳ ಸಂಗಮದ ಹೋಲಿಕೆ ಕೊಟ್ಟು ಎರಡು ಧರ್ಮಗಳೂ ಕೂಡಿ ಒಂದಾದವೆಂದು ಬರೆಯುವುದು ಸುಲಭ. ನಾವು ಬರೆಯುವುದಿಲ್ಲ. ಲಿಂಗವು ಅಂಗೈಯಲ್ಲಿದೆಯೆಂಬವನ ಭಕ್ತಿಗೂ, ದೇವರು ಪರಲೋಕದಲ್ಲಿದ್ದಾನೆಂದು ಪ್ರಾರ್ಥಿಸುವವನ ಭಕ್ತಿಗೂ ಅಂತರವಿದೆ.

ಆಚರಣೆಯಲ್ಲಿ ಅವರು ತಮ್ಮ ಗ್ರಂಥದ ಎತ್ತರಕ್ಕೆ ಏರಿದರೆಂದೂ ಹೇಳುವಂತಿಲ್ಲ. ದಕ್ಷಿಣದ ಕ್ರೈಸ್ತರಲ್ಲಿ ಜಾತಿ ಉಳಿಯಿತು. ಸಮಾಧಿಯ ನೆಲದಲ್ಲಿಯೂ ಬೇಲಿ ಹಾಕಿದ ಊರುಗಳುಂಟು. ಈ ಮಾತನ್ನು ಹೇಳುವಾಗ ನಮ್ಮೊಳಗಿನ ಒಳಪಂಗಡಗಳು ನೆನಪಾಗಿ ಲೇಖನಿ ತಾನಾಗಿಯೇ ನಿಧಾನವಾಗುತ್ತದೆ.

ಒಂದು ಆಚರಣೆಯನ್ನು ಮಾತ್ರ ವಾಚಕರ ಮುಂದೆ ಇಡದಿರಲಾರೆವು. ಕನ್ನಡ ಕಥೋಲಿಕರ ಶಬ್ದಸಂಪತ್ತು ನಮ್ಮ ಅಷ್ಟಾವರಣಕ್ಕೆ ಬಹು ಸಮೀಪದ್ದು. ಅವರ ಉಪವಾಸಕಾಲ ಆರಂಭವಾಗುವುದು ವಿಭೂತಿ ಬುಧವಾರದಂದು. ಪೂಜೆಯಲ್ಲಿ ಅವರು ಸ್ವೀಕರಿಸುವುದು ಪರಮಪ್ರಸಾದ. ಯಾಜಕನಾಗುವುದಕ್ಕೆ ಗುರುದೀಕ್ಷೆಯೆಂದು ಹೆಸರು. ಪಾದ ತೊಳೆಯುವ ಪದ್ಧತಿಯೂ ಅವರಲ್ಲಿದೆ. ಯೇಸು ಕಡೆಯ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದುದರ ನೆನಪಿಗೆ, ಪವಿತ್ರ ಗುರುವಾರದಂದು ಗುರುವೇ ಮೊಣಕಾಲೂರಿ ಭಕ್ತರ ಪಾದ ತೊಳೆಯುತ್ತಾನೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಮುಸಲ್ಮಾನರು.

ನಮ್ಮಲ್ಲಿ ನೀರು ಹರಿಯುವ ದಿಕ್ಕು ಬೇರೆ. ಭಕ್ತನು ಗುರುವಿನ ಪಾದ ತೊಳೆದು ಪಾದೋದಕ ಸ್ವೀಕರಿಸುತ್ತಾನೆ. ಅದರ ತತ್ತ್ವ ದೊಡ್ಡದು, ಅದನ್ನು ಅಲ್ಲಗಳೆಯಲು ನಾವು ಬರೆಯುತ್ತಿಲ್ಲ. ಆದರೆ ನಮ್ಮ ಪಂಚಾಚಾರಗಳಲ್ಲಿ ಐದನೆಯದಾಗಿ ಭೃತ್ಯಾಚಾರವೆಂಬುದಿದೆ. ಶಿವಭಕ್ತರಿಗೆ ತಾನು ಆಳೆಂದು ನಡೆಯುವುದು ಅದರ ಅರ್ಥ. ಅದು ಮಠಾಧಿಪತಿಗಳಿಗೆ ವಿನಾಯಿತಿ ಕೊಟ್ಟ ಆಚಾರವೇನಲ್ಲ. ಹಲವು ವರ್ಷಗಳಿಂದ ಪೀಠದ ಮೇಲೆ ಕುಳಿತು ಪಾದ ಮುಂದೆ ಚಾಚುತ್ತಾ ಬಂದಿದ್ದೇವೆ. ಎದುರಿಗೆ ಬಾಗಿದ ರೈತನ ಒಡೆದ ಹಿಮ್ಮಡಿಯನ್ನು ಒಂದು ಸಲವೂ ಗಮನವಿಟ್ಟು ನೋಡಿದವರಲ್ಲ. ಅವಧಾನದ ಕೊರತೆಯೆಂದರೆ ಇದೇ ಇರಬೇಕೆಂದು ಈ ಲೇಖನ ಬರೆಯುವಾಗ ನಮಗೆ ತೋರಿತು.

ನರಸೀಪುರದ ಹಿರಿಯರಿಗೆ ಬೇರೆಯಾಗಿ ಕಾಗದ ಬರೆದಿದ್ದೇವೆ. ಭಯದ ಧರ್ಮವೆಂದದ್ದು ತಪ್ಪೆಂದು ತಿಳಿಸಿದ್ದೇವೆ. ಹುಡುಗಿ ಕಣ್ಣು ಮುಚ್ಚಿ ಕುಳಿತಾಗ ಅವಳನ್ನು ತಡೆಯಬಾರದು; ಅದೇ ಹೊತ್ತಿಗೆ ತಾವೂ ಶಿವದಾರದ ಕರಡಿಗೆಯನ್ನು ತೆರೆದು, ಇಷ್ಟಲಿಂಗವನ್ನು ಅಂಗೈಗೆ ತಂದುಕೊಂಡು, ಅರ್ಪಿಸಿ ಉಣ್ಣಬೇಕು; ಅವಳು ಏನೆಂದು ಕೇಳಿದರೆ ಮಾತ್ರ ಹೇಳಬೇಕು. ನಂಜನಗೂಡಿನ ದೊಡ್ಡ ಜಾತ್ರೆಗೆ ಬರುವಾಗ ಮೊಮ್ಮಗಳನ್ನೂ ಮಠಕ್ಕೆ ಕರೆತರುವಂತೆ ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.